ಸರಿದು ಕೂತ ಪೋರ್ಟು

“ಹಲೋ... ಹಲೋ! ಯಾರ್ ಮಾತಾಡೋದ್ರಿ? ಹುಕ್ಕೇರಿ ಗುಡ್ಡದ ವಾಯರ್‌ಲೆಸ್ ಟವರ್ ಅಲ್ಲೇನ್ರಿ?...”

“ರಾಜಪ್ಪ ಕಾಕಾ? ಹಾಂ, ನಾನ್ರಿ, ತ್ರಿಶಲಾ, ಗೋಕಾಕ ಆಫೀಸಿಂದ. ಟವರಿನ ಪವರ್ ಹಂಚೂ ಡಬ್ಬಿಗೋಳ ಜೋಡಣಿ ಲೆಕ್ಕಾ ಕಂಪ್ಯೂಟರ್‌ನಾಗ ಮಾಡಿ ಹಾಳಿ ಕಳಿಸಿದಾಕಿ. ಮಲ್ಲೇಶ ಎಲ್ಲದಾನ?...”

“ಮ್ಯಾಲ? ಹತ್ತಿಬಿಟ್ಟಾನ?...”

ತ್ರಿಶಲಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ತಾನು ಬರೆದುಕೊಟ್ಟ ಹಾಳೆಯನ್ನು ಕಣ್ಣುಮುಚ್ಚಿ ನಂಬಿ ಟವರ್ ಹತ್ತುವವನೆಂದರೆ ಮಲ್ಲೇಶನೊಬ್ಬನೇ.

“ಕಾಕಾ, ಮೊದಲ ಮೇನ್ ಸ್ವಿಚ್ ತಗೀರಿ. ಕರೆಂಟ್ ಬಂದ್ ಮಾಡ್ರಿ...”

“ಮಲ್ಲೇಶ ಸ್ವಿಚ್ ಮುಟ್ಟಬ್ಯಾಡ ಅಂದಾನ? ಹಾಳಿ ಮ್ಯಾಲ ಬರದೈತಿ? ಹೌದ್ರಿ, ನಾಲ್ಕನೇ ಪೋರ್ಟಿಗೆ, ಅಂದ್ರ ಆ ಆಂಟೆನಾದ ವಾಯರ್ ಸಿಗಸೂ ಕಿಂಡಿಗೆ, ಪವರ್ ಬರಂಗಿಲ್ಲಂತ ನಾನ ಬರದೇನಿ. ತಪ್ಪೈತ್ರಿ ಅದು! ಅವ ಬಿಗಿ ಮಾಡಾಕ ಹೊಂಟ ಆಂಟೆನಾದಾಗ ಪವರ್ ಐತಿ...”

“ಕಂಪ್ಯೂಟರ್ ತಪ್ಪತೈತೇನು? ಅದು ತಪ್ಪಿಲ್ಲ ಕಾಕಾ, ನಾ ತಪ್ಪೇನಿ. ಊಟದ ಪಂಕ್ತ್ಯಾಗ ಇಬ್ರು ಎದ್ದು ಹೋದ್ರ ಉಳದವ್ರು ಸರದು ಕೂಡ್ತಾರ, ಹೌದಲ್ರಿ? ಹಂಗ ಕಂಪ್ಯೂಟರ್‌ನಾಗ ಎರಡು ಡಬ್ಬಿ ಜೋಡಿಸಿದ್ರ ಜೋಡಿಸಿದ ಪೋರ್ಟು ಲೆಕ್ಕದಿಂದ ಹೋಗ್ತಾವು, ಉಳದವಕ್ಕ ಹೊಸಾ ನಂಬರ್ ಬೀಳ್ತೈತಿ. ಮೂರನೇ ಡಬ್ಬಿ ಜೋಡಸೂಮುಂದ ನಾ ಹಳೇ ನಂಬರ್ ಹಿಡದೇನಿ. ಈಗಷ್ಟ ತಿರುಗಿ ನೋಡಿದೆ...”

“ಮೂಡಲಗಿ ಸಕ್ಕರಿ ಫ್ಯಾಕ್ಟರಿ ವಾಯರ್‌ಲೆಸ್ ಬಂದ್ ಆಗ್ತೈತಿ? ಆಗ್ಲಿ ಬಿಡ್ರಿ! ಕಬ್ಬಿನ ಗಾಡಿ ಸುದ್ದಿ ತಡಾ ಆದ್ರ ಯಾರೂ ಸಾಯಂಗಿಲ್ಲ...”

“ಕೂಗಿದ್ರ ಕೇಳಸಂಗಿಲ್ಲ? ಗಾಳಿ ಐತಿ? ಬೆಲ್ಟ್ ಹಾಕ್ಕೊಂಡಾನೇನು?...”

“ಮ್ಯಾಲ ಹೋಗಿ ಹಾಕ್ಕೋತೇನಂದ? ಅಯ್ಯ ದೇವರ... ಆಂಟೆನಾ ಮುಟ್ಟಿದ್ರ ಕೈ ಸುಡ್ತೈತ್ರಿ ಕಾಕಾ, ಅಷ್ಟ ಎತ್ತರದಾಗ ಬೆಚ್ಚಿ ಕೈ ಬಿಟ್ಟಂದ್ರ...”

ನಂಬರ್ ಸರಿದದ್ದನ್ನು ಊಟಕ್ಕೆ ಏಳುವ ಮೊದಲೇ ನೋಡಬಹುದಿತ್ತು, ಅವಸರದಲ್ಲಿ ನೋಡಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

“ಸಾಹೇಬ್ರು ಬೈದ್ರ ನನ್ನ ಹೆಸರು ಹೇಳ್ರಿ. ತ್ರಿಶಲಾ ಹಟಾ ಮಾಡಿ ತಗಸಿದ್ಲು ಅನ್ನ್ರಿ. ಸ್ವಿಚ್ ಎಲ್ಲೈತಿ?...”

“ಫೋನಿನ ಬಾಜೂಕ? ಹಾಂ, ಅದ. ಕಿಡಕ್ಯಾಗ ಮಲ್ಲೇಶ ಕಾಣ್ತಾನ?...”

“ಆಂಟೆನಾದ ಕೆಳಗ ಬಂದಾನ? ಎಳೀರಿ ಕಾಕಾ!...”

“ಏನ್? ಈ ಫೋನಿನ ಬ್ಯಾಟರಿ ಕೆಟ್ಟೈತಿ? ಮೇನ್ ತಗದ್ರ ಇದೂ ಹೋಗ್ತೈತಿ?... ಹೋಗ್ಲ್ರಿ! ಫೋನ್ ಹೋದ್ರನ ಕರೆಂಟ್ ಹೋತಂತ ತಿಳದು ನನಗ ಜೀವಾ ಬರ್ತೈತಿ...”

“ಅವ ಕೈ ಚಾಚಾಕತ್ತಾನ? ಕಾಕಾ, ನಿಮ್ಮ ಕಾಲಿಗೆ ಬೀಳ್ತೇನಿ, ಎಳೀ...”

ಫೋನು ಕಡಿಯಿತು. ರಿಸೀವರನ್ನು ಎದೆಗೆ ಅವಚಿಕೊಂಡು ತ್ರಿಶಲಾ ನಿಂತಲ್ಲೇ ಗಳಗಳನೆ ಅತ್ತಳು.