ಕೀಳದೆ ಬಿಟ್ಟ ನವಣಿ

ನವಣಿ ಎಲ್ಲಾ ಕಿತ್ತೆ ಅಂದೆನೇನು ನಾ? ಕಿತ್ತಂಗ ಮಾಡಿದೆ ಅಂದೆ. ನೆಟ್ಟಗ ಕೇಳ್ರಿ ಮಕ್ಕಳಾ, ನವಣಿ ಅನ್ನ ಕಂಡ್ರ ಮಾರಿ ತಿರುವತೀರಲ್ಲ, ಅದಕ್ಕ ಹೇಳಾಕತ್ತೇನಿ. ದೊಡ್ಡ ಯುದ್ಧ ನಡದಿತ್ತು. ನನಗ ಹನ್ನೊಂದು, ಅಲ್ಲ, ಹನ್ನೆರಡು ತುಂಬಿತ್ತು. ನಮ್ಮ ಸವಣೂರು ಸೀಮ್ಯಾಗ ದಲಾಲರು ಮನಿಮನಿಗೆ ಬಂದು ಊದಿದ್ರು, "ಹೊಲ ತುಂಬ ಹತ್ತಿ ಹಾಕ್ರಿ. ಬರ್ಮಾದ ಅಕ್ಕಿ ನಿಂತ್ರೇನಾತು, ಮತ್ತೊಂದು ದೇಶದ್ದು ರೈಲಿನ್ಯಾಗ ಬರತೈತಿ, ಕೊಂಡು ಉಣ್ರಿ" ಅಂತ. ಸುಳ್ಳರು! ಅವರು ಉಂಡದ್ದು ನಮ್ಮ ಬೆವರು. ನಮ್ಮಪ್ಪ ನಂಬಿದ. ನಮ್ಮವ್ವ ನಂಬಲಿಲ್ಲ, ಗೊತ್ತೇನು, ಹತ್ತಿ ಸಾಲಿನ ನಡುವ ಸುಮ್ಮನ ನವಣಿ ಬಿತ್ತಿದ್ಲು. ಮೊಳಕಿ ಕಂಡು ಅಪ್ಪ ಕೆಂಡ ಆದ, ನನಗ ಅಂದ, "ಏ ಪಾರಿ, ಆ ಕಸ ಎಲ್ಲಾ ಕಿತ್ತೊಗಿ!" ಅವ್ವ ಅಂದ್ಲು, "ಹೊಟ್ಟಿ ಹಸಿದಾಗ ಹತ್ತಿ ಕುದಿಸಿ ಬಡಸ್ಲೇನ್ರಿ?" ಅಪ್ಪ ಯಾವಾಗ್ಲೂ ಬದುವಿನ ಮ್ಯಾಲ ನಿಂತು ಹೊಲ ನೋಡಾವ, ಒಳಗ ಇಳಿಯಾವಲ್ಲ. ನಾ ದಂಡಿ ಸಾಲಷ್ಟ ಕಿತ್ತೆ. ನಡುವಿನವು ಬಿಟ್ಟೆ.

ಗಣಪ್ಪನ ಹಬ್ಬ ಹತ್ರ ಬಂದಾಗ ನಮ್ಮಕ್ಕ ಹಡದ್ಲು. ಮನ್ಯಾಗ ಜ್ವಾಳ ಇಲ್ಲ, ಇದ್ದದ್ದನ್ನ ಸರಕಾರದವರು ಲೆವಿ ಅಂತ, ಯುದ್ಧಕ್ಕ ಕೊಡಬೇಕಾದ ಪಾಲು ಅಂತ, ಅಳಕೊಂಡು ಹೋಗಿದ್ರು. ಅಕ್ಕನ ಎದಿಹಾಲು ಬತ್ತಾಕತ್ತು. ಕೂಸು ಅತ್ತೂ ಅತ್ತೂ ದನಿ ಕಳಕೊಂತು. ಅಪ್ಪ ಚಕ್ಕಡಿ ಹೂಡಿ ಯಲವಿಗಿ ಸ್ಟೇಷನ್ನಿಗೆ ಹೋದ, ನಾಕು ದಿನ ಕಾದ. ರೈಲು ಬಂದ್ವು, ರೈಲಿನ ತುಂಬ ಸಿಪಾಯಿಗಳು ಬಂದ್ರು, ಅಕ್ಕಿ ಬರಲಿಲ್ಲ. ಖಾಲಿ ಚೀಲ ಹಾಕ್ಕೊಂಡು ತಿರುಗಿ ಬಂದಾವ ಹೊಲದ ಹತ್ರ ಚಕ್ಕಡಿ ನಿಲ್ಲಿಸಿದ. ನಾ ಅಲ್ಲೇ ಬದುವಿನ ಮ್ಯಾಲ ಅವನ ದಾರಿ ಕಾಯಾಕತ್ತಿದ್ದೆ. ಹತ್ತಿ ಗಿಡದ ಮ್ಯಾಲ ನವಣಿ ತೆನಿ ತೂಗಾಕತ್ತಿದ್ವು! ಬಾರಕೋಲ ಹಿಡಕೊಂಡ ಚಕ್ಕಡಿಯಿಂದ ಇಳದ. "ಯಾರು ಬಿಟ್ಟದ್ದಿದು?" "ನಾನ ಅಪ್ಪಾ." ಕಣ್ಣು ಮುಚ್ಚಿ ಬೆನ್ನು ಕೊಟ್ಟು ನಿಂತೆ. ಬಾರಕೋಲ ನೆಲಕ್ಕ ಬಿದ್ದ ಸಪ್ಪಳ ಆತು. "ಕುಡಗೋಲ ತಾ ಪಾರಿ" ಅಂದ. ಅವತ್ತ ನೋಡ್ರಿ, ಬದು ಇಳದು ಒಳಗ ಬಂದ.

ತೆನಿ ಇನ್ನೂ ಹಸಿ. ಅವ್ವ ಹುರದ್ಲು, ಕುಟ್ಟಿದ್ಲು, ಕೇರಿದ್ಲು, ಗಂಜಿ ಕಾಸಿದ್ಲು. ಅಕ್ಕ ಕುಡದ್ಲು, ಮತ್ತ ಕುಡದ್ಲು. ಮೂರನೇ ದಿನಕ್ಕ ಕೂಸು ಗುಟುಕು ಗುಟುಕು ಹಾಲು ಕುಡದು, ಅರ್ಧ ಗುಟುಕು ಬಾಯಾಗ ಇಟಕೊಂಡ ಮಲಗ್ತು. ನಮ್ಮಪ್ಪ ಹೊಸ್ತಿಲ ಮ್ಯಾಲ ಕುಂತು ಅಳಾಕತ್ತ. ನಾವು ಕೂಸು ಉಳೀತು ಅಂತ ನಕ್ಕೂ ನಕ್ಕೂ ಸಾಕಾದ್ವಿ.

ರೈಲಿಗೇನು ಗೊತ್ತು ನಮ್ಮ ಹಸಿವಿ? ಯಾರು ಏನ ಊದಿದ್ರೂ ಹೊಲದಾಗ ಉಣ್ಣೂ ಸಾಲೊಂದು ಬಿಟಗೋರಿ. ಹೂಂ, ಗಂಗಾಳ ಈ ಕಡೆ ಎಳಕೋರಿ, ಅನ್ನ ಆರಾಕತ್ತೈತಿ.