ಗೋಡೆಗೆ ಹೋಗದ ಅಂಗಿಚುಂಗು

ಜಿಂಕೆ ಕೊಯ್ದು ಮಾಂಸ ಕಟ್ಟಿಕೊಡುವ ಅಂಗಡಿಯ ಸಾಲಿನಲ್ಲಿ ವರ್ನಾ ನಿಂತಿದ್ದಳು. ಅವಳ ಮುಂದೆ ಕಿತ್ತಳೆ ಜಾಕೆಟ್ ತೊಟ್ಟ ಮುದುಕ, ಅವನ ಪಕ್ಕ ನಡುವಯಸ್ಸಿನ ಮಗಳು. ಪೆನ್ಸಿಲ್ವೇನಿಯಾದ ಆ ಊರಲ್ಲಿ ಶಿಕಾರಿಯ ಮೊದಲ ವಾರ ಯಾರೂ ಪಿಸುಗುಟ್ಟುವುದಿಲ್ಲ. ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ಅಪ್ಪ, ಚಿಕ್ಕಪ್ಪ ಹೇಳಿದ್ದು ನಿಜಾನಾ? ನನ್ನ ಮೊದಲ ಜಿಂಕೆ ನಾನು ಹೊಡೆದದ್ದಲ್ವಂತೆ?”

“ಕುಡಿದ್ರೆ ಅವನ ಬಾಯಿಗೆ ಬೀಗ ಇರಲ್ಲ.”

“ನಿಜಾನಾ ಅಂತ ಕೇಳ್ದೆ.”

“ಇಬ್ರೂ ಒಟ್ಟಿಗೇ ಗುಂಡು ಹಾರಿಸಿದ್ವಿ ಮಗಳೇ. ನಿಂದು ಮರಕ್ಕೆ ಬಿತ್ತು.”

“ಮತ್ತೆ ನನ್ನ ಅಂಗಿಚುಂಗು ಯಾಕೆ ಕತ್ತರಿಸಲಿಲ್ಲ? ಗುರಿ ತಪ್ಪಿದವರದ್ದೆಲ್ಲ ಕತ್ತರಿಸಿ ಶಿಕಾರಿ ಬಿಡಾರದ ಗೋಡೆಗೆ ಮೊಳೆ ಹೊಡೀತೀವಲ್ಲ?”

“ಆವತ್ತು ಚಳಿಗೆ ಅಳ್ತಾ ಇದ್ದೆ ನೀನು. ಅದನ್ನೂ ಕತ್ತರಿಸಿದ್ರೆ ಮತ್ತೆ ಕಾಡಿಗೆ ಬರ್ತಿದ್ಯಾ?”

“ಬರ್ತಿರಲಿಲ್ವೇನೋ. ಅದು ನನಗೆ ಬಿಟ್ಟದ್ದಾಗಿತ್ತು. ಅಣ್ಣನ ಚುಂಗು ನೋಡಿ ವರ್ಷಾವರ್ಷಾ ನಕ್ಕಿದೀನಿ. ಜೊತೇಲಿ ನೀನೂ ನಗ್ತಿದ್ದೆ.”

“ನಿನ್ನ ಒಳ್ಳೇದಕ್ಕೇ ಕಣೇ…”

“ಹೊಸ ಮಕ್ಕಳಿಗೆ ಬಂದೂಕು ಹಿಡಿಯೋದು ಕಲಿಸೋಳು ನಾನು. ಪ್ರತಿ ಸಲ ನನ್ನ ಮೊದಲ ಜಿಂಕೆಯ ಕತೆಯಿಂದಲೇ ಪಾಠ ಶುರುಮಾಡ್ತೀನಿ, ಅಪ್ಪ.”

ಕಟ್ಟೆಯ ಮೇಲೆ ದಾರ ಕತ್ತರಿಸಲು ಇಟ್ಟಿದ್ದ ಕತ್ತರಿಯನ್ನು ಮಗಳು ಎತ್ತಿಕೊಂಡಳು. ತನ್ನ ಅಂಗಿಯ ಹಿಂಬದಿಯನ್ನು ಹೊರಗೆಳೆದು, ಚುಂಗನ್ನು ತಾನೇ ಕತ್ತರಿಸಿ ಅವನ ಅಂಗೈಯಲ್ಲಿಟ್ಟಳು.

“ಅಣ್ಣನದ್ದರ ಪಕ್ಕ ಹಾಕು. ಮೊಳೆ ನೀನೇ ಹೊಡಿ.”

ಅವಳು ಹೊರಗೆ ಹೋದಳು. ಮುದುಕನ ಸರದಿ ಬಂದಿತ್ತು. ಅಂಗಡಿಯವನು ಎರಡು ಸಲ ಕರೆದರೂ ಅವನು ಸಾಲು ಬಿಟ್ಟು, ಬಟ್ಟೆಯ ಚೂರನ್ನು ಮುಷ್ಟಿಯಲ್ಲಿ ಹಿಡಿದೇ ಅವಳ ಹಿಂದೆ ನಡೆದ.