ಜೋಡಿ ಬಿಟ್ಟು ಹೊರಡಬೇಡಿ

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಕಿವಿ, ಮೂಗು, ಗಂಟಲು ತಜ್ಞರಾದ ಡಾಕ್ಟರ್ ವಾಸಂತಿಯವರೇ, ಮುಖ್ಯ ಅತಿಥಿಗಳಾಗಿ ದಯಮಾಡಿಸಿರುವ ಬ್ಯಾಂಕ್ ಮ್ಯಾನೇಜರ್ ವಿಜಯೇಂದ್ರ ಅವರೇ, ನಮ್ಮ ಸುರಕ್ಷಾ ಬಳಗದ ಮುಂದಿನ ಅಧ್ಯಕ್ಷೆ ಮೃಣಾಲಿನಿಯವರೇ, ಮೊದಲ ಸಾಲಿನಲ್ಲಿ ಕುಳಿತು ಬೇಗ ಮುಗಿಸಿ ಎಂದು ಈಗಾಗಲೇ ಕೈಸನ್ನೆ ಮಾಡುತ್ತಿರುವ ನನ್ನ ಧರ್ಮಪತ್ನಿ ಲೀಲಾ ಅವರೇ, ನಾಗಪುರದ ಬಿಸಿಲನ್ನು ಲೆಕ್ಕಿಸದೆ ಬಂದಿರುವ ಸಭಿಕರೇ,

ಸಮಿತಿ ಇಂದು ನನಗೆ ಎರಡು ಕೆಲಸ ಒಪ್ಪಿಸಿದೆ. ಬಳಗದ ಇತಿಹಾಸವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಒಂದು. ಅಧ್ಯಕ್ಷರ ಸೀಟಿಯನ್ನು ಮೃಣಾಲಿನಿಯವರಿಗೆ ಒಪ್ಪಿಸಿ ಕೆಳಗಿಳಿಯುವುದು ಇನ್ನೊಂದು. ಮೊದಲನೆಯದನ್ನು ಸಂತೋಷದಿಂದ ಮಾಡುತ್ತೇನೆ. ಎರಡನೆಯದನ್ನು ಕೊನೆಗೆ ನೋಡೋಣ. ಸೀಟಿ ಸದ್ಯಕ್ಕೆ ನನ್ನ ಜೇಬಿನಲ್ಲೇ ಇದೆ.

ನಮ್ಮ ಬಳಗ ಹುಟ್ಟಿದ್ದು ಒಂದು ಕೂಲರಿನಿಂದ. ನಗಬೇಡಿ. ಆಗ ನಾನು ಹಿಂಗಣಾದ ಒಂದು ಕಾರ್ಖಾನೆಯಲ್ಲಿ, ಹಗಲೆಲ್ಲ ಯಂತ್ರಗಳು ತಗಡು ಬಡಿಯುವ ಪ್ರೆಸ್ ಶಾಪಿನಲ್ಲಿ, ಸುರಕ್ಷಾ ಅಧಿಕಾರಿಯಾಗಿದ್ದೆ. ಗೆಳೆಯ ಗೋವಿಂದ, ಗದಗಿನವನು, ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿದ್ದ. ಒಂದು ಮೇ ತಿಂಗಳಲ್ಲಿ ಇಲ್ಲಿನ ಕನ್ನಡ ಕುಟುಂಬಗಳನ್ನೆಲ್ಲ ಇದೇ ಸಭಾಂಗಣದಲ್ಲಿ ಸೇರಿಸಿ, ಬೆಂಕಿಯಿಂದ ಪಾರಾಗುವುದು ಹೇಗೆ ಎಂದು ನನ್ನ ಉಪನ್ಯಾಸ ಏರ್ಪಡಿಸಿದ. ಸೆಖೆ ತಡೆಯಲಾರದೆ ನಾವಿಬ್ಬರೇ ದೊಡ್ಡ ಕೂಲರೊಂದನ್ನು ತಂದು ಹಿಂಬಾಗಿಲಿಗೆ ಅಡ್ಡ ಇಟ್ಟೆವು. ಹೊಗೆ ಕಂಡರೆ ಹಿಂಬಾಗಿಲನ್ನು ಬಳಸಿರಿ ಎಂದು ನಾನು ಹೇಳುತ್ತಿರುವಾಗಲೇ ಕೂಲರ್ ಹೊಗೆ ಕಾರತೊಡಗಿತು. ಸಭೆಗೆ ಸಭೆಯೇ ಉಳಿದ ಒಂದು ಬಾಗಿಲಿನಿಂದ ಹೊರಕ್ಕೆ ನುಗ್ಗಿತು. ನಾನು? ನಾನು ಕಾಗದ ನೋಡಿಕೊಂಡು ಓದುತ್ತಲೇ ಇದ್ದೆ. ಗೋವಿಂದ ಹೊಗೆಯೊಳಗೆ ವಾಪಸು ಬಂದು ನನ್ನ ತೋಳು ಹಿಡಿದ. “ನಂಜುಂಡಪ್ಪಾ, ಕೇಳೋರು ಯಾರೂ ಉಳದಿಲ್ಲ, ಜಲ್ದಿ ನಡಿ. ಭಾಷಣ ಹೊರಗ ಮುಗಸೂಣು” ಅಂದ.

ಅವತ್ತು ಯಾರಿಗೂ ಏನೂ ಆಗಲಿಲ್ಲ. ಆದರೆ ಹೊರಗಿನ ಬೇವಿನ ಮರದ ಕೆಳಗೆ ನಿಂತು ಎಲ್ಲರೂ ತಮ್ಮ ತಮ್ಮವರನ್ನು ಕೂಗಿ ಹುಡುಕಿದ್ದನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮ ನಿಯಮ ಹುಟ್ಟಿದ್ದು ಆ ಮರದ ಕೆಳಗೆ. ಸಭೆ ಶುರುವಾಗುವ ಮೊದಲು ಪ್ರತಿಯೊಬ್ಬರೂ ಒಬ್ಬರನ್ನು ಜೋಡಿ ಮಾಡಿಕೊಳ್ಳಬೇಕು. ಸೀಟಿ ಕೇಳಿದ ಕೂಡಲೇ ಜೋಡಿಯ ಕೈ ಹಿಡಿದು ಹೊರಡಬೇಕು. ಹೊರಟವರು ಹಿಂದಿರುಗಬಾರದು. ಜೋಡಿ ಬಿಟ್ಟು ಹೊರಡಬೇಡಿ ಎಂದು ಆ ಗೋಡೆಯ ಮೇಲೆ ಬರೆಸಿದವನೂ ನಾನೇ. ವಾರ್ಷಿಕೋತ್ಸವದಲ್ಲಿ ಅತ್ಯಂತ ಉದ್ದದ ಭಾಷಣದ ನಡುವೆ, ಹೇಳದೆ ಕೇಳದೆ, ಅಭ್ಯಾಸದ ಸೀಟಿ ಊದಬೇಕೆಂಬ ಪದ್ಧತಿಯೂ ನನ್ನದೇ. ಎಷ್ಟು ಜನ ಗಣ್ಯರ ಮಾತಿನ ನಡುವೆ ನಾನು ಸೀಟಿ ಊದಿಲ್ಲ? ಒಬ್ಬರಂತೂ ಮುಂದಿನ ವರ್ಷ ಕರೆಯಲು ಹೋದಾಗ, ಊದುವುದಿದ್ದರೆ ನಾನು ಬಾಯಿ ತೆರೆಯುವ ಮೊದಲೇ ಊದಿಬಿಡಿ ಎಂದು ಕೇಳಿಕೊಂಡರು.

ಬಳಗ ಬೆಳೆಯಿತು. ಕಳಮನಾ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮೂಟೆ ಹೊರುವವರಿಗೆ ಮುಖಗವಸಿನ ಮಹತ್ವ ತಿಳಿಸಲು ಹೋದೆವು. ತಂದದ್ದನ್ನೆಲ್ಲ ಅವರಿಗೇ ಹಂಚಿ, ನಾವು ಬರಿಮುಖದಲ್ಲಿ ಉಪನ್ಯಾಸ ಮಾಡಿದೆವು. ಮಾಡಿದೆವು ಅನ್ನುವುದಕ್ಕಿಂತ ಸೀನಿದೆವು. ಮುಖಗವಸು ಯಾಕೆ ಬೇಕೆಂದು ಅವತ್ತು ಯಾರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ. ಆಮೇಲೆ ಮರಾಠಿಯವರು, ಹಿಂದಿಯವರು ಎಲ್ಲರೂ ನಮ್ಮ ಜೊತೆ ಸೇರಿದರು.

ಇನ್ನು ಕಾರ್ಖಾನೆಯಲ್ಲಿ ನನ್ನ ಶಿಸ್ತು ಹೇಗಿತ್ತು ಗೊತ್ತೇ? ಕಿವಿಗೆ ಬಿರಡೆ ಹಾಕಿಕೊಳ್ಳದ ಒಬ್ಬನನ್ನೂ ಪ್ರೆಸ್ ಶಾಪಿನೊಳಗೆ ಬಿಡುತ್ತಿರಲಿಲ್ಲ. ನಾನು ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. ಎಲ್ಲರೂ ಕಿವಿ ಮುಚ್ಚಿಕೊಂಡರೆ ಅಪಾಯದ ಸದ್ದನ್ನು ಕೇಳಿಸಿಕೊಳ್ಳುವವರು ಯಾರು? ನಿವೃತ್ತಿಯವರೆಗೂ ಎಲ್ಲರ ಪರವಾಗಿ ಬರಿಗಿವಿಯಲ್ಲಿ ದುಡಿದೆ. ಏನಾಯಿತು? ಏನೂ ಆಗಲಿಲ್ಲ.

ಲೀಲಾ ಇದನ್ನು ಒಪ್ಪುವುದಿಲ್ಲ. “ನೀವು ಹಾಕೋ ಟೀವಿ ಸದ್ದಿಗೆ ಪಕ್ಕದ ಮನೆ ಮರಾಠಿ ಹೆಂಗಸು ದೇಶಪಾಂಡೆ ಬಾಯಿಗೆ ಕನ್ನಡ ಬಂದುಬಿಟ್ಟಿದೆ” ಅನ್ನುತ್ತಾಳೆ. ಬಂದರೆ ಒಳ್ಳೆಯದೇ ಅಲ್ಲವೇ? ಹೊರನಾಡಿನಲ್ಲಿ ಕನ್ನಡ ಬೆಳೆಸುವುದೂ ಒಂದು ಸೇವೆ. ಆ ತಾಯಿ ಇವತ್ತು ಲೀಲಾಳ ಪಕ್ಕದಲ್ಲೇ ಕುಳಿತು ನನ್ನ ಮಾತಿಗೆ ಬರೋಬರ್ ನಗುತ್ತಿದ್ದಾರೆ, ನೋಡಿ. ಇನ್ನು ಡಾಕ್ಟರ್ ವಾಸಂತಿಯವರ ದವಾಖಾನೆಗೆ ನಾನು ಕೆಲವು ಸಲ ಹೋದದ್ದು ನಿಜ. ಹೋದದ್ದು ಬಳಗದ ವಿಚಾರ ಚರ್ಚಿಸಲು. ಅವರು ನನ್ನ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ್ದು ಕೇವಲ ವೃತ್ತಿಯ ಅಭ್ಯಾಸದಿಂದ.

ಈಗ ಮೃಣಾಲಿನಿಯವರ ವಿಷಯ. ಬೆಂಗಳೂರಿನ ಹುಡುಗಿ, ಗೋವಿಂದನಿದ್ದ ಸ್ಥಾವರದಲ್ಲೇ ಎಂಜಿನಿಯರ್, ಬಹಳ ಚುರುಕು. ಸೀಟಿ ಸಾಲದೆಂದು ಈ ಸಭಾಂಗಣಕ್ಕೆ ಒಂದು ಸೈರನ್ ಹಾಕಿಸಿದ್ದಾರೆ. ಕಳೆದ ತಿಂಗಳ ಅಭ್ಯಾಸದಲ್ಲಿ ಅದು ಕೂಗಿತಂತೆ. ನೀವೆಲ್ಲ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದಿರಂತೆ. ನಾನು ಒಳಗೆ ಪತ್ರಿಕೆ ಓದುತ್ತಾ ಕುಳಿತಿದ್ದೆ. ಅಧ್ಯಕ್ಷರಿಗೆ ಕೇಳಿಸಲಿಲ್ಲ ಎಂದು ಸಮಿತಿ ತೀರ್ಮಾನಿಸಿತು. ಇದು ತಪ್ಪು ತಿಳಿವಳಿಕೆ. ನಾನು ನಿಮ್ಮನ್ನು ಪರೀಕ್ಷಿಸುತ್ತಿದ್ದೆ. ಒಬ್ಬ ಒಳಗೇ ಉಳಿದಿದ್ದಾನೆ ಎಂದು ಯಾರಿಗಾದರೂ ಹೊಳೆಯುತ್ತದೆಯೇ ಎಂದು ನೋಡಬೇಕಿತ್ತು. ಪತ್ರಿಕೆಯ ಕೊನೆಯ ಪುಟದವರೆಗೂ ಪರೀಕ್ಷಿಸಿದೆ.

ಯಾರನ್ನೂ ದೂರುತ್ತಿಲ್ಲ. ಲೀಲಾ ಅವತ್ತು ಬಂದಿರಲಿಲ್ಲ. ಉಳಿದವರೆಲ್ಲ ನಿಯಮದಂತೆ ತಮ್ಮ ಜೋಡಿಯನ್ನು ಕರೆದುಕೊಂಡು ಹೋಗಿದ್ದರು. ನನ್ನ ಜೋಡಿ ಗೋವಿಂದ. ಹೋದ ವರ್ಷ ಅವನು ತೀರಿಕೊಂಡ ಮೇಲೆ ನಾನು ಬೇರೆ ಜೋಡಿ ಮಾಡಿಕೊಳ್ಳಲಿಲ್ಲ. ಮನಸ್ಸು ಬರಲಿಲ್ಲ. ಪತ್ರಿಕೆ ಮಡಚಿ ತಲೆಯೆತ್ತಿದಾಗ ಇಷ್ಟು ದೊಡ್ಡ ಸಭಾಂಗಣದಲ್ಲಿ ನಾನೊಬ್ಬನೇ ಇದ್ದೆ. ಭಯವಾಯಿತು, ಸಭಿಕರೇ. ಈ ಮಾತನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಬಿಡಿ.

ಸೀಟಿಯ ವಿಷಯಕ್ಕೆ ಬರೋಣ. ಅದು ನನ್ನ ಬಳಿಯೇ ಉಳಿಯಬೇಕು ಎನ್ನುವುದಕ್ಕೆ ಏಳು ಕಾರಣಗಳಿವೆ. ಮೊದಲನೆಯದು... ಯಾಕೆ, ಎಲ್ಲರೂ ಎದ್ದಿರಿ? ಊಟಕ್ಕೆ ಇನ್ನೂ ಹೊತ್ತಿದೆ. ವಿಜಯೇಂದ್ರ ಅವರೇ, ಡಾಕ್ಟರ್ ವಾಸಂತಿಯವರ ಕೈ ಹಿಡಿದುಕೊಂಡು ನೀವೆಲ್ಲಿಗೆ ಹೊರಟಿರಿ? ಲೀಲಾ ಕೂಡ ಹೊರಟಳು, ದೇಶಪಾಂಡೆ ಬಾಯಿಯ ಕೈ ಹಿಡಿದು, ನನ್ನ ಕಡೆ ತಿರುಗಿ ತಿರುಗಿ ನೋಡುತ್ತಾ. ನೂಕುನುಗ್ಗಲಿಲ್ಲ, ಎರಡೂ ಬಾಗಿಲು ತೆರೆದಿವೆ, ಎಲ್ಲರೂ ಜೋಡಿ ಜೋಡಿಯಾಗಿ...

ಓಹೋ. ಜೋಡಿ ಜೋಡಿಯಾಗಿ. ಸೈರನ್ ಆಯಿತೇ? ಹಾಗಾದರೆ ಈ ವರ್ಷದ ಅತ್ಯಂತ ಉದ್ದದ ಭಾಷಣ ನನ್ನದೇ ಆಯಿತೇ?

ಮೃಣಾಲಿನಿ, ನೀನು ಹೊರಗೆ ಹೋಗದೆ ನನ್ನ ಹತ್ತಿರ ಯಾಕೆ ಬಂದೆ? ಹೊರಡಮ್ಮ, ನಾನು ಮುಗಿಸಿ ಬರುತ್ತೇನೆ. ಹೋಗುವುದಿಲ್ಲವೇ? ಗೋಡೆಯ ಮೇಲೆ ಬರೆಸಿದ್ದನ್ನು ನನಗೇ ಬೆರಳು ಮಾಡಿ ತೋರಿಸುತ್ತೀಯಾ? ಕೈ ಚಾಚಿಕೊಂಡು ನಿಂತಿದ್ದಾಳೆ. ಇರಲಿ, ತಗೋ ಸೀಟಿ. ಬೇಡವೇ? ತಲೆಯಾಡಿಸುತ್ತಾಳೆ. ಸೀಟಿಯಲ್ಲ, ನನ್ನ ಕೈ ಬೇಕಂತೆ.

ಎರಡನ್ನೂ ತಗೋ. ಏಳು ಕಾರಣಗಳೂ ಮರೆತುಹೋದವು. ಕೇಳುವವರೂ ಯಾರೂ ಉಳಿದಿಲ್ಲ, ಮಿಕ್ಕ ಭಾಷಣವನ್ನು ಬೇವಿನ ಮರದ ಕೆಳಗೆ ಮುಗಿಸುತ್ತೇನೆ. ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡ ಬಳಗಕ್ಕೂ, ಇಷ್ಟು ಶಿಸ್ತಾಗಿ ಎದ್ದುಹೋದ ಸಭಿಕರಿಗೂ ನನ್ನ ಕೃತಜ್ಞತೆಗಳು. ಈ ಖಾಲಿ ಕುರ್ಚಿಗಳಿಗೆ ನಮಸ್ಕಾರ. ನಡಿ ತಾಯಿ. ಈ ಕಡೆ ಬಾ, ನನ್ನ ಬಲಕ್ಕೆ, ಹತ್ತಿರದ ಮಾತಾದರೆ ಆ ಕಿವಿಗೆ ಅಷ್ಟಿಷ್ಟು ಬೀಳುತ್ತದೆ. ಎಡಗಿವಿ ಹೋಗಿ ಬಹಳ ಕಾಲವಾಯಿತು.